ನಸುಕಿನ ಓಟಕ್ಕೆ ಈ ಹಿತ ಎಲ್ಲಿಂದ ಬರುತ್ತದೆ?

ಡಿಸೆಂಬರ್ ಕೊನೆಯ ವಾರ, ಬೆಳಗಿನ ಆರೂಕಾಲು. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಓಡುತ್ತಿದ್ದೇನೆ. ಸೂರ್ಯ ಹುಟ್ಟಲು ಇನ್ನೂ ಇಪ್ಪತ್ತೈದು ನಿಮಿಷ ಇದೆ. ನೀರಿನ ಮೇಲೆ ತೆಳ್ಳಗೆ ಹಬೆ ಏಳುತ್ತಿದೆ, ಹಂಡೆಯಲ್ಲಿ ಕಾಯಲು ಶುರುವಾದ ನೀರಿನ ಹಾಗೆ. ಹೆಜ್ಜಾರ್ಲೆಗಳು ಆ ಹಬೆಯೊಳಗೆ ಬರೀ ಕತ್ತು, ಕೊಕ್ಕು ಕಾಣುವಂತೆ ತೇಲುತ್ತಿವೆ. ಮಣ್ಣಿನ ಮೇಲೆ ಶೂ ಬೀಳುವ ಸದ್ದು, ನನ್ನದೇ ಉಸಿರಿನ ಸದ್ದು. ಬೇರೆ ಗಲಾಟೆ ಇಲ್ಲ.

ಇಂಥ ಹೊತ್ತಿನಲ್ಲಿ ಮೈಗೆ ಒಂದು ಹಿತ ಆಗುತ್ತದೆ. ಬೆಳಗ್ಗೆ ಓಡುವವರಿಗೆಲ್ಲ ಇದು ಗೊತ್ತು. ಯಾಕೆ ಹೀಗೆ ಅಂತ ಕೇಳಿದರೆ ಮಾತ್ರ ಸಾಮಾನ್ಯವಾಗಿ ಎರಡೇ ಉತ್ತರ ಸಿಗುತ್ತವೆ. ‘ಬೆಳಗ್ಗೆ ಗಾಳಿಯಲ್ಲಿ ಆಮ್ಲಜನಕ ಜಾಸ್ತಿ ಇರುತ್ತೆ’ ಅಂತ ಒಬ್ಬರು. ‘ಓಡಿದರೆ ಎಂಡಾರ್ಫಿನ್ (ನೋವು ತಗ್ಗಿಸಲು ಮೈ ತಾನೇ ತಯಾರಿಸುವ ರಸ) ಬರುತ್ತೆ’ ಅಂತ ಇನ್ನೊಬ್ಬರು. ಮೊದಲನೆಯದು ನಿಜ ಅಲ್ಲ. ಎರಡನೆಯದು ಅರ್ಧ ನಿಜ.

ಈ ಹಿತ ಒಂದೇ ಕಡೆಯಿಂದ ಬರುವುದಿಲ್ಲ. ಗಾಳಿ, ಸದ್ದು, ವಾಸನೆ, ಬೆಳಕು, ಮೈಯೊಳಗಿನ ರಸಗಳು, ಎಲ್ಲವೂ ಸ್ವಲ್ಪ ಸ್ವಲ್ಪ ತಂದು ಸೇರಿಸುತ್ತವೆ. ಇದರಲ್ಲಿ ಹೆಚ್ಚಿನ ಪಾಲು ನಿಧಾನವಾಗಿ ಓಡುವವರಿಗೇ ಸಿಗುತ್ತದೆ. ಅದು ನನಗೆ ಅರ್ಥ ಆಗಲು ಎರಡು ವರ್ಷ ಬೇಕಾಯಿತು.

ಮೊದಲು ಗಾಳಿಯ ವಿಷಯ. ಗಾಳಿಯಲ್ಲಿ ಆಮ್ಲಜನಕ ಇರುವುದು ಸುಮಾರು ಶೇ. 20.9. ನಸುಕಿನಲ್ಲೂ ಅಷ್ಟೇ, ನಡುಮಧ್ಯಾಹ್ನವೂ ಅಷ್ಟೇ. ಬೆಳಗಾಗುವ ಹೊತ್ತಿಗೆ ಮರಗಳು ಅದನ್ನು ಹೆಚ್ಚಿಸಿರುತ್ತವೆ ಅನ್ನುವುದು ನಂಬಲು ಚೆನ್ನಾಗಿದೆ. ಆದರೆ ರಾತ್ರಿಯಿಡೀ ಮರಗಳೂ ನಮ್ಮ ಹಾಗೆ ಆಮ್ಲಜನಕವನ್ನೇ ಎಳೆದುಕೊಳ್ಳುತ್ತಿರುತ್ತವೆ. ಬೆಳಕು ಬಿದ್ದ ಮೇಲೆಯೇ ಅವು ಅದನ್ನು ಬಿಡಲು ಶುರು ಮಾಡುವುದು. ವಾತಾವರಣ ಎಷ್ಟು ದೊಡ್ಡದು ಅಂದರೆ ಈ ಏರುಪೇರು ನಮ್ಮ ಮೂಗಿಗಾಗಲಿ ಶ್ವಾಸಕೋಶಕ್ಕಾಗಲಿ ಗೊತ್ತೇ ಆಗುವುದಿಲ್ಲ.

ಹಾಗಾದರೆ ಬೆಳಗ್ಗೆ ಉಸಿರು ಸಲೀಸು ಅನಿಸುವುದು ಯಾಕೆ? ಗಾಳಿ ತಣ್ಣಗಿರುತ್ತದೆ, ಅದಕ್ಕೆ. ಓಡುವಾಗ ನಮ್ಮ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗ ಓಟಕ್ಕೆ ಹೋಗುತ್ತದೆ. ಉಳಿದ ಮುಕ್ಕಾಲು ಭಾಗ ಬರೀ ಬಿಸಿ. ಅಂದರೆ ಓಡುವುದು ಮೈಯೊಳಗೆ ಒಲೆ ಹಚ್ಚಿದ ಹಾಗೆ. ಆ ಬಿಸಿಯನ್ನು ಹೊರಗೆ ಹಾಕಲು ಹೃದಯ ರಕ್ತವನ್ನು ಚರ್ಮದ ಕಡೆಗೆ ಕಳಿಸಬೇಕು. ಅದೇ ರಕ್ತವನ್ನು ಕಾಲಿನ ಸ್ನಾಯುಗಳೂ ಕೇಳುತ್ತಿರುತ್ತವೆ. ಬಿಸಿಲಲ್ಲಿ ಈ ಎರಡು ಕೆಲಸದ ನಡುವೆ ಹೃದಯ ಒದ್ದಾಡುತ್ತದೆ. ಮೇಲಿಂದ ಸೂರ್ಯ, ಕೆಳಗಿಂದ ಕಾದ ಡಾಂಬರು, ಎರಡೂ ಬಿಸಿ ಸುರಿಯುತ್ತಿರುತ್ತವೆ. ಬೆಳಗ್ಗೆ ಇದ್ಯಾವುದೂ ಇಲ್ಲ. ಅದೇ ವೇಗಕ್ಕೆ ಎದೆ ಬಡಿತ ಕಡಿಮೆ. ಆ ಹಗುರವನ್ನೇ ನಾವು ‘ಗಾಳಿ ಚೆನ್ನಾಗಿದೆ’ ಅನ್ನುವುದು.

ಇಡೀ ದಿನದಲ್ಲಿ ಹೆಚ್ಚು ತಂಪು ಇರುವುದು ನಡುರಾತ್ರಿಯಲ್ಲಿ ಅಲ್ಲ, ಸೂರ್ಯ ಹುಟ್ಟುವ ಆಸುಪಾಸಿನಲ್ಲಿ. ಸೂರ್ಯ ಮುಳುಗಿದ ಮೇಲೆ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಡುತ್ತಾ ಹೋಗುತ್ತದೆ. ಮತ್ತೆ ಬಿಸಿಲು ಬೀಳುವವರೆಗೂ ಅದು ನಿಲ್ಲುವುದಿಲ್ಲ. ನೀರು ಅಷ್ಟು ಬೇಗ ಬಿಸಿ ಬಿಟ್ಟುಕೊಡುವುದಿಲ್ಲ. ಹಾಗಾಗಿ ನಸುಕಿನಲ್ಲಿ ಕೆರೆಯ ನೀರು ಅದರ ಮೇಲಿನ ಗಾಳಿಗಿಂತ ಬೆಚ್ಚಗಿರುತ್ತದೆ. ನೀರಿಂದ ಎದ್ದ ತೇವ ತಣ್ಣನೆ ಗಾಳಿಗೆ ತಾಗಿದ ಕೂಡಲೇ ಸಣ್ಣ ಸಣ್ಣ ಹನಿಯಾಗುತ್ತದೆ. ಕುಕ್ಕರಹಳ್ಳಿಯ ಆ ಹಬೆ ಇದೇ. ಚಳಿಗಾಲದಲ್ಲಿ ನಮ್ಮ ಬಾಯಿಂದ ಬರುವ ಹೊಗೆಯೂ ಇದೇ. ಕೆರೆಯೂ ನಾನೂ ಒಂದೇ ಥರ ಉಸಿರಾಡುತ್ತಿದ್ದೇವೆ ಅಂತ ಗೊತ್ತಾದ ದಿನ ನನಗೆ ತುಂಬ ಖುಷಿಯಾಗಿತ್ತು.

ಒಂದು ಮಾತು ಮಂಗಳೂರು, ಕಾರವಾರದ ಕಡೆಯವರಿಗೆ. ಬೆವರು ಬರೀ ಸುರಿದರೆ ಮೈ ತಣ್ಣಗಾಗುವುದಿಲ್ಲ, ಅದು ಆರಬೇಕು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಮೈಯಿಂದ ಸುಮಾರು 580 ಕಿಲೋ ಕ್ಯಾಲೊರಿ ಬಿಸಿ ಹೊತ್ತುಕೊಂಡು ಹೋಗುತ್ತದೆ. ಆದರೆ ಗಾಳಿಯ ತೇವಾಂಶ ಬೆಳಗಿನ ಜಾವಕ್ಕೇ ಹೆಚ್ಚು. ಮೈಸೂರಿನ ತಂಪಿನಲ್ಲಿ ಅದು ತೊಂದರೆ ಕೊಡುವುದಿಲ್ಲ. ಕರಾವಳಿಯಲ್ಲಿ ಐದೂವರೆಗೆ ಓಡಿದರೂ ಅಂಗಿ ಹಿಂಡುವ ಹಾಗೆ ಆಗುತ್ತದೆ, ಬೆವರು ಆರುವುದೇ ಇಲ್ಲ. ಅಲ್ಲಿ ನಿಮ್ಮ ವೇಗ ಕಡಿಮೆಯಾದರೆ ತಪ್ಪು ಕಾಲಿನದ್ದಲ್ಲ.

ಇನ್ನು ಸದ್ದು. ನಸುಕಿನ ಸದ್ದುಗಳು ನನಗೆ ಬಹಳ ಇಷ್ಟ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹಗಲು ಕೇಳದ ಎಷ್ಟೋ ಸದ್ದು ಆ ಹೊತ್ತಿಗೆ ಕಿವಿಗೆ ಬೀಳುತ್ತವೆ. ದೂರದ ರೈಲಿನ ಕೂಗು. ಯಾವುದೋ ಬಡಾವಣೆಯ ದೇವಸ್ಥಾನದ ಸುಪ್ರಭಾತ. ಮಸೀದಿಯ ಆಜಾನ್. ಇಟ್ಟಿಗೆಗೂಡಿನ ಕಡೆ ಆದರೆ ಮೃಗಾಲಯದ ಸಿಂಹದ ದನಿ. ‘ಗಲಾಟೆ ಇರಲ್ಲ, ಅದಕ್ಕೇ ಕೇಳುತ್ತೆ’ ಅಂದುಕೊಳ್ಳುತ್ತೇವೆ ಅಲ್ವಾ? ಅದೂ ಒಂದು ಕಾರಣ. ಇನ್ನೊಂದು ಕಾರಣ ತಲೆಯ ಮೇಲಿದೆ.

ಸಾಮಾನ್ಯವಾಗಿ ಮೇಲೆ ಹೋದಷ್ಟೂ ಗಾಳಿ ತಣ್ಣಗಾಗುತ್ತದೆ. ಮೋಡ, ಗಾಳಿ ಇಲ್ಲದ ರಾತ್ರಿಯಲ್ಲಿ ಇದು ತಿರುಗುಮುರುಗಾಗುತ್ತದೆ. ನೆಲ ತಣ್ಣಗಾಗಿ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ಬೆಚ್ಚನೆ ಗಾಳಿ ಅದರ ಮೇಲೆ ಕಂಬಳಿಯ ಹಾಗೆ ಹಾಸಿಕೊಂಡಿರುತ್ತದೆ. ಸದ್ದು ಬೆಚ್ಚನೆ ಗಾಳಿಯಲ್ಲಿ ವೇಗವಾಗಿ, ತಣ್ಣನೆ ಗಾಳಿಯಲ್ಲಿ ನಿಧಾನವಾಗಿ ಸಾಗುತ್ತದೆ. ಮೇಲಕ್ಕೆ ಹೊರಟ ಸದ್ದಿನ ಅಲೆಯ ಮೇಲ್ಭಾಗ ಮುಂದೆ ಓಡುತ್ತದೆ, ಕೆಳಭಾಗ ಹಿಂದೆ ಉಳಿಯುತ್ತದೆ. ಎತ್ತಿನ ಗಾಡಿಯ ಒಂದು ಚಕ್ರ ಕೆಸರಿಗೆ ಸಿಕ್ಕಿದರೆ ಗಾಡಿ ಆ ಕಡೆಗೇ ತಿರುಗುತ್ತದಲ್ಲ, ಹಾಗೆ ಸದ್ದು ನೆಲದ ಕಡೆಗೆ ಬಾಗುತ್ತದೆ. ಹಗಲಲ್ಲಿ ಮೇಲಕ್ಕೆ ಬಾಗಿ ಕಳೆದುಹೋಗುವ ಸದ್ದು ನಸುಕಿನಲ್ಲಿ ಬಾಗಿ ನಮ್ಮ ಕಿವಿಗೇ ಬರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಈ ಕಂಬಳಿ ಹರಿದುಹೋಗುತ್ತದೆ. ರೈಲಿನ ಕೂಗೂ ಅದರ ಜೊತೆಗೇ ಹೋಗುತ್ತದೆ.

ಹಕ್ಕಿಗಳಿಗೂ ಈ ಹೊತ್ತು ಅನುಕೂಲ. ಹುಳ ಹುಡುಕಲು ಬೆಳಕು ಸಾಲದು. ಹಾಡಿದರೆ ನಿಂತ ಗಾಳಿಯಲ್ಲಿ ದೂರದವರೆಗೆ ಚೆನ್ನಾಗಿ ಕೇಳುತ್ತದೆ. ಈ ಜಾಗ ನನ್ನದು ಅಂತ ಸಾರಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ಎಲ್ಲ ಹಕ್ಕಿಗಳೂ ಒಟ್ಟಿಗೆ ಶುರು ಮಾಡುವುದಿಲ್ಲ. ಕಣ್ಣು ದೊಡ್ಡದಿರುವ ಹಕ್ಕಿಗಳು ಕಡಿಮೆ ಬೆಳಕಿನಲ್ಲೇ ಎದ್ದು ಹಾಡುತ್ತವೆ ಅಂತ ಪಕ್ಷಿ ಅಧ್ಯಯನ ಮಾಡುವವರು ಅಳೆದು ನೋಡಿದ್ದಾರೆ. ನನ್ನ ದಾರಿಯಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಮೊದಲು ಕಾಜಾಣ, ಮಡಿವಾಳ ಹಕ್ಕಿ. ಕೋಗಿಲೆಯಂತೂ ಕತ್ತಲೆಯಲ್ಲೇ. ಪಿಕಳಾರ ಸ್ವಲ್ಪ ತಡ. ಕೆಂಬೂತದ ಗುಮ್ ಗುಮ್ ಯಾವ ಕಡೆಯಿಂದ ಬರುತ್ತದೆ ಅಂತ ಇವತ್ತಿಗೂ ನನಗೆ ಸರಿಯಾಗಿ ಹೇಳಲು ಆಗುವುದಿಲ್ಲ. ಸ್ವಲ್ಪ ದಿನ ಹೀಗೆ ಓಡಿದರೆ ಗಡಿಯಾರ ಬೇಡ, ಯಾರು ಹಾಡುತ್ತಿದ್ದಾರೆ ಅನ್ನುವುದರಲ್ಲೇ ಎಷ್ಟು ಹೊತ್ತಾಯಿತು ಅಂತ ಅಂದಾಜು ಸಿಗುತ್ತದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಇದಿಷ್ಟೂ ಹೋಯಿತು. ನಾನಂತೂ ಅದನ್ನು ಮನೆಯಲ್ಲೇ ಬಿಟ್ಟು ಬರುತ್ತೇನೆ.

ವಾಸನೆಯೂ ಅಷ್ಟೇ. ನಿಂತ ತಂಪು ಗಾಳಿಯಲ್ಲಿ ಪರಿಮಳ ಚದುರದೆ ನೆಲದ ಹತ್ತಿರವೇ ಉಳಿಯುತ್ತದೆ. ಪಾರಿಜಾತ, ಆಕಾಶಮಲ್ಲಿಗೆ ಎರಡೂ ರಾತ್ರಿ ಅರಳಿ ಬೆಳಗಿನ ಹೊತ್ತಿಗೆ ಉದುರುವ ಹೂವು. ರಾತ್ರಿ ಹಾರುವ ಪತಂಗಗಳನ್ನು ಕರೆಯಲು ಅವು ಬಿಳಿ ಬಣ್ಣ, ಗಾಢ ಪರಿಮಳ ಇಟ್ಟುಕೊಂಡಿರುತ್ತವೆ. ನಾವು ಅದರ ಕೊನೆಯ ಪಾಲು ಉಸಿರಾಡುತ್ತಾ ಓಡುತ್ತೇವೆ. ಏಳೂವರೆಗೆ ಹೋದರೆ ಅದೇ ಹೂವು ರಸ್ತೆಯಲ್ಲಿ ಬಾಡಿ ಬಿದ್ದಿರುತ್ತದೆ.

ಇದೇ ಕಂಬಳಿಗೆ ಇನ್ನೊಂದು ಮುಖ ಇದೆ, ಅದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಪರಿಮಳವನ್ನು ಹಿಡಿದಿಡುವ ಗಾಳಿ ಹೊಗೆಯನ್ನೂ ಹಿಡಿದಿಡುತ್ತದೆ. ಚಳಿಗಾಲದ ಬೆಳಗ್ಗೆ ಎಲೆ ಗುಡಿಸಿ ಬೆಂಕಿ ಹಚ್ಚಿದರೆ, ಕಸ ಸುಟ್ಟರೆ, ಆ ಹೊಗೆ ಮೇಲೆ ಹೋಗದೆ ನಮ್ಮ ಮೂಗಿನ ಮಟ್ಟದಲ್ಲೇ ನಿಲ್ಲುತ್ತದೆ. ದೊಡ್ಡ ರಸ್ತೆಗಳ ಪಕ್ಕವೂ ಹಾಗೇ. ಓಡುವಾಗ ಸುಮ್ನೆ ಕೂತಾಗಿನ ಹಲವು ಪಟ್ಟು ಗಾಳಿ ಒಳಗೆಳೆದುಕೊಳ್ಳುತ್ತೇವೆ. ಬೆಳಗಿನ ಗಾಳಿ ಎಂದ ಮಾತ್ರಕ್ಕೆ ಎಲ್ಲ ಕಡೆಯೂ ಶುದ್ಧ ಅಲ್ಲ. ಕೆರೆ, ಪಾರ್ಕು, ಒಳರಸ್ತೆ ಸಿಕ್ಕರೆ ಅಲ್ಲೇ ಓಡಿ. ಕುಕ್ಕರಹಳ್ಳಿ ಕೆರೆ ಕಟ್ಟಿಸಿದ್ದು 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ನೀರಿಗೋಸ್ಕರ. ಕುವೆಂಪು ನಡೆದಾಡಿದ ಏರಿ ಇದು. ಊರಿನ ನಡುವೆ ಇಂಥದ್ದೊಂದು ಜಾಗ ಉಳಿದಿರುವುದು ಓಡುವವರ ಪುಣ್ಯ.

ಈಗ ಮೈಯೊಳಗಿನ ಕಥೆ. ಇಲ್ಲಿ ಮೊದಲು ಒಂದು ಸತ್ಯ ಒಪ್ಪಿಕೊಳ್ಳಬೇಕು: ಮೈ ಬೆಳಗ್ಗೆ ಓಟಕ್ಕೆ ತಯಾರಿರುವುದಿಲ್ಲ. ನಮ್ಮ ಮೈಯ ಬಿಸಿ ತೀರಾ ಕೆಳಗಿರುವುದು ಬೆಳಗಿನ ಜಾವ ನಾಲ್ಕೈದು ಗಂಟೆಗೆ. ಸಂಜೆಯ ಹೊತ್ತಿಗೆ ಅದು ಅರ್ಧದಿಂದ ಒಂದು ಡಿಗ್ರಿ ಸೆಲ್ಸಿಯಸ್ ಏರಿರುತ್ತದೆ. ಸ್ನಾಯು ಚೆನ್ನಾಗಿ ಕೆಲಸ ಮಾಡುವುದು ಆ ಬಿಸಿಯಲ್ಲಿ. ಗಡಿಯಾರ ಹಿಡಿದು ವೇಗ ಅಳೆಯುವುದಾದರೆ ಸಂಜೆಯ ಓಟವೇ ಸ್ವಲ್ಪ ಮೇಲು. ಬೆನ್ನುಮೂಳೆಯ ಬಿಲ್ಲೆಗಳು ರಾತ್ರಿ ನೀರು ಹೀರಿ ಉಬ್ಬಿರುತ್ತವೆ. ಬೆಳಗ್ಗೆ ಎದ್ದಾಗ ನಾವು ಒಂದು ಸೆಂಟಿಮೀಟರಿಗೂ ಸ್ವಲ್ಪ ಜಾಸ್ತಿಯೇ ಉದ್ದ ಇರುತ್ತೇವೆ, ಹಾಗೇ ಬೆನ್ನು ಬಿಗಿ ಇರುತ್ತದೆ. ಎದ್ದ ಕೂಡಲೇ ಬಗ್ಗಿ ಕಾಲ್ಬೆರಳು ಮುಟ್ಟುವ ಕಸರತ್ತು ಬೇಡ ಅನ್ನುವುದು ಇದಕ್ಕೇ.

ಮೊದಲ ಹತ್ತು ನಿಮಿಷ ಯಾಕೆ ಕಷ್ಟ ಅನ್ನುವುದಕ್ಕೂ ಉತ್ತರ ಇಲ್ಲಿದೆ. ಓಡಲು ಶುರು ಮಾಡಿದ ಕ್ಷಣಕ್ಕೇ ಸ್ನಾಯುಗಳು ಆಮ್ಲಜನಕ ಕೇಳುತ್ತವೆ. ಹೃದಯ, ಶ್ವಾಸಕೋಶ ಆ ಬೇಡಿಕೆಗೆ ಸರಿಸಮ ಆಗಲು ಎರಡು ಮೂರು ನಿಮಿಷ ಬೇಕು. ಅಲ್ಲಿಯವರೆಗೆ ಸ್ನಾಯು ಸಾಲ ಮಾಡಿ ನಡೆಸುತ್ತದೆ. ಜೋರಾಗಿ ಹೊರಟರೆ ಸಾಲ ದೊಡ್ಡದಾಗುತ್ತದೆ, ಏದುಸಿರು ಬರುತ್ತದೆ. ಮೊಣಕಾಲಿನೊಳಗಿನ ಎಣ್ಣೆಯಂಥ ದ್ರವ ರಾತ್ರಿಯೆಲ್ಲ ಅಲುಗದೆ ಗಟ್ಟಿಯಾಗಿರುತ್ತದೆ, ಮಂಡಿ ಆಡಿದಷ್ಟೂ ಅದು ತೆಳ್ಳಗಾಗುತ್ತದೆ. ಸ್ನಾಯುವಿನೊಳಗೆ ಮುಚ್ಚಿಕೊಂಡಿದ್ದ ಸಣ್ಣ ರಕ್ತನಾಳಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಇದಕ್ಕೆಲ್ಲ ಸಮಯ ಬೇಕು.

ನಾನು ಮೊದಲ ಎರಡು ವರ್ಷ ಮನೆಯ ಗೇಟು ದಾಟಿದ ಕೂಡಲೇ ಓಡಿಬಿಡುತ್ತಿದ್ದೆ. ಎರಡನೇ ತಿರುವಿಗೆ ಪಕ್ಕೆ ಹಿಡಿಯುತ್ತಿತ್ತು. ಬಾಯಿ ತೆರೆದು, ಕೈ ಸೊಂಟದ ಮೇಲಿಟ್ಟು ನಿಲ್ಲುತ್ತಿದ್ದೆ. ಓಟ ನನ್ನ ಮೈಗೆ ಒಗ್ಗುವುದಿಲ್ಲ ಅಂದುಕೊಂಡಿದ್ದೆ. ಒಂದು ದಿನ ಏರಿಯ ಮೇಲೆ ಅರವತ್ತು ದಾಟಿದ ಒಬ್ಬರು ನನ್ನ ಪಕ್ಕಕ್ಕೆ ಬಂದರು. ಅವರ ಓಟ ನಡಿಗೆಗಿಂತ ಸ್ವಲ್ಪ ಮಾತ್ರ ಜೋರು. ‘ಮಾತಾಡ್ತಾ ಓಡೋಣ ಬನ್ನಿ’ ಅಂದರು. ಅವರ ಮಗಳ ಮದುವೆ, ಕಬಿನಿ ನೀರು, ಪಿಂಚಣಿ, ಎಲ್ಲ ಮಾತಾಡಿದೆವು. ಸುತ್ತು ಮುಗಿದದ್ದು ಗೊತ್ತೇ ಆಗಲಿಲ್ಲ. ಮಾತಾಡುತ್ತಾ ಓಡಲು ಆಗುತ್ತಿದೆ ಅಂದರೆ ಉಸಿರಿನ ಬೇಡಿಕೆ, ಪೂರೈಕೆ ಎರಡೂ ಸಮ ಇದೆ ಅಂತ ಅರ್ಥ. ಕ್ರೀಡಾ ತರಬೇತುದಾರರು ಹೇಳುವ ‘ಮಾತಿನ ಪರೀಕ್ಷೆ’ ಇದೇ ಅಂತ ನನಗೆ ಆಮೇಲೆ ಗೊತ್ತಾಯಿತು. ಪೂರ್ತಿ ವಾಕ್ಯ ಹೇಳಲು ಆಗದಿದ್ದರೆ ವೇಗ ಜಾಸ್ತಿಯಾಯಿತು, ಅಷ್ಟೇ.

ಇಲ್ಲಿಂದ ಎಂಡಾರ್ಫಿನ್ ಮಾತಿಗೆ ಬರಬಹುದು. ಓಡಿದಾಗ ರಕ್ತದಲ್ಲಿ ಎಂಡಾರ್ಫಿನ್ ಹೆಚ್ಚಾಗುವುದು ನಿಜ. ಆದರೆ ಅದು ದೊಡ್ಡ ಅಣು. ರಕ್ತಕ್ಕೂ ಮಿದುಳಿಗೂ ನಡುವೆ ಇರುವ ತಡೆಗೋಡೆಯನ್ನು ಅದು ಸುಲಭವಾಗಿ ದಾಟಲಾರದು. ರಕ್ತದಲ್ಲಿರುವುದು ಮನಸ್ಸಿಗೆ ಹೇಗೆ ಮುಟ್ಟಬೇಕು? 2021ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ಸಂಶೋಧಕರು ಒಂದು ಪರೀಕ್ಷೆ ಪ್ರಕಟಿಸಿದರು. 63 ಜನರನ್ನು ಟ್ರೆಡ್‌ಮಿಲ್ ಮೇಲೆ 45 ನಿಮಿಷ ಓಡಿಸಿದರು. ಎಂಡಾರ್ಫಿನ್ ಕೆಲಸ ಮಾಡದಂತೆ ತಡೆಯುವ ಔಷಧವನ್ನು ಕೆಲವರಿಗೆ ಕೊಟ್ಟಿದ್ದರು. ಔಷಧ ತೆಗೆದುಕೊಂಡವರಿಗೂ ಓಟದ ಖುಷಿ ಬಂತು. ಅಂದರೆ ಖುಷಿ ತರುವವರು ಬೇರೆ ಯಾರೋ ಇರಬೇಕು.

ಆ ಬೇರೆಯವರ ಹೆಸರು ಕೇಳಿದರೆ ನಿಮಗೆ ಖುಷಿಯಾಗುತ್ತದೆ: ಆನಂದಮೈಡ್. ಹೌದು, ನಮ್ಮ ‘ಆನಂದ’ವೇ. 1992ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ರಫಾಯೆಲ್ ಮೆಶೂಲಮ್ ಅವರ ತಂಡ ಇದನ್ನು ಮಿದುಳಿನಲ್ಲಿ ಗುರುತಿಸಿದಾಗ ಸಂಸ್ಕೃತದ ಆನಂದ ಪದದಿಂದಲೇ ಹೆಸರು ಕಟ್ಟಿದರು. ಗಾಂಜಾದಲ್ಲಿರುವ ಮತ್ತಿನ ಅಂಶ ಮಿದುಳಿನ ಯಾವ ಬಾಗಿಲು ತಟ್ಟುತ್ತದೋ, ನಮ್ಮ ಮೈ ತಾನೇ ತಯಾರಿಸುವ ಆನಂದಮೈಡ್ ಕೂಡ ಅದೇ ಬಾಗಿಲು ತಟ್ಟುತ್ತದೆ. ಇದು ಕೊಬ್ಬಿನಲ್ಲಿ ಕರಗುವ ಸಣ್ಣ ಅಣು, ಆ ತಡೆಗೋಡೆಯನ್ನು ಸಲೀಸಾಗಿ ದಾಟುತ್ತದೆ. ಕಳವಳ ಇಳಿಸುತ್ತದೆ, ನೋವು ಮಂಕಾಗಿಸುತ್ತದೆ. ಓಟ ಮುಗಿದ ಮೇಲೆ ‘ಎಲ್ಲ ಸರಿಹೋಗುತ್ತೆ ಬಿಡು’ ಅನ್ನುವ ಭಾವ ಒಂದು ಬರುತ್ತದಲ್ಲ, ಅದರಲ್ಲಿ ಇದರ ಪಾಲು ದೊಡ್ಡದು ಅಂತ ಈಗಿನ ತಿಳಿವಳಿಕೆ. ಗಮನಿಸಬೇಕಾದದ್ದು ಏನೆಂದರೆ, ಓಡುವವರ ಮೇಲೆ ನಡೆದ ಇನ್ನೊಂದು ಪರೀಕ್ಷೆಯಲ್ಲಿ, ಸುಮ್ನೆ ಅಡ್ಡಾಡಿದಾಗ ಇದು ಅಷ್ಟಾಗಿ ಏರಲಿಲ್ಲ, ಪ್ರಾಣ ಹೋಗುವ ಹಾಗೆ ಓಡಿದಾಗಲೂ ಏರಲಿಲ್ಲ. ಮಧ್ಯಮ ವೇಗದಲ್ಲಿ ಚೆನ್ನಾಗಿ ಏರಿತು. ಏರಿಯ ಮೇಲಿನ ಆ ಹಿರಿಯರಿಗೆ ಯಾರೂ ಹೇಳಿಕೊಡದೆ ಗೊತ್ತಿದ್ದದ್ದು ಇದೇ ವೇಗ.

ಬೆಳಕಿನ ಪಾಲು ಓಟ ಮುಗಿದ ಮೇಲೂ ಇಡೀ ದಿನ ಉಳಿಯುತ್ತದೆ. ನಮ್ಮ ಕಣ್ಣಿನಲ್ಲಿ ನೋಡುವುದಕ್ಕಲ್ಲದೆ, ಬೆಳಕು ಎಷ್ಟಿದೆ ಅಂತ ಮಿದುಳಿಗೆ ವರದಿ ಮಾಡುವುದಕ್ಕೇ ಇರುವ ಕೋಶಗಳಿವೆ. ಅವು ಮಿದುಳಿನ ಒಳಗಡಿಯಾರಕ್ಕೆ ಸುದ್ದಿ ಕಳಿಸುತ್ತವೆ. ಈ ಗಡಿಯಾರ ಜೀವಕೋಶದ ಮಟ್ಟದಲ್ಲಿ ಹೇಗೆ ಓಡುತ್ತದೆ ಅಂತ ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ವೈದ್ಯಕೀಯ ನೊಬೆಲ್ ಸಿಕ್ಕಿತು. ಹೆಚ್ಚಿನ ಜನರಲ್ಲಿ ಇದರ ಒಂದು ದಿನ 24 ಗಂಟೆಗಿಂತ ಕೆಲವು ನಿಮಿಷ ಉದ್ದ. ಹಾಗೇ ಬಿಟ್ಟರೆ ದಿನಾ ಸ್ವಲ್ಪ ಸ್ವಲ್ಪ ಹಿಂದೆ ಬೀಳುತ್ತದೆ. ಬೆಳಗಿನ ಬೆಳಕು ಅದನ್ನು ಮುಂದಕ್ಕೆ ತಳ್ಳಿ ಸರಿ ಮಾಡುತ್ತದೆ. ಟ್ಯೂಬ್‌ಲೈಟಿನ ಕೋಣೆಯಲ್ಲಿ ಬೆಳಕು ಕೆಲವು ನೂರು ಲಕ್ಸ್ (ಬೆಳಕು ಅಳೆಯುವ ಮಾನ) ಮಾತ್ರ. ಸೂರ್ಯ ಚೆನ್ನಾಗಿ ಮೇಲೇರಿದರೆ ಹೊರಗೆ ಹತ್ತು ಸಾವಿರ ದಾಟುತ್ತದೆ. ಅದಕ್ಕೇ ಬೆಳಗ್ಗೆ ಓಡಿದವರಿಗೆ ರಾತ್ರಿ ಹತ್ತಕ್ಕೆಲ್ಲ ಕಣ್ಣು ಎಳೆಯುತ್ತದೆ. ಆದರೆ ನಿದ್ದೆ ಕದ್ದು ಓಡಬೇಡಿ. ರಾತ್ರಿ ಹನ್ನೆರಡೂವರೆಗೆ ಮಲಗಿ ಐದಕ್ಕೆ ಎದ್ದರೆ ನಾನು ಇಲ್ಲಿ ಹೇಳಿದ ಯಾವ ಸುಖವೂ ಸಿಗುವುದಿಲ್ಲ, ತಲೆ ಭಾರ ಒಂದೇ ಸಿಗುತ್ತದೆ.

ನಮ್ಮ ಕಡೆ ಈ ಬೆಳಕು ಬರುವ ರೀತಿಯೂ ಚಂದ. ಸಮಭಾಜಕಕ್ಕೆ ಹತ್ತಿರ ಇರುವುದರಿಂದ ಸೂರ್ಯ ಹೆಚ್ಚು ಓರೆಯಾಗದೆ ನೆಟ್ಟಗೆ ಏರುತ್ತಾನೆ, ನಸುಕು ಬೇಗ ಮುಗಿಯುತ್ತದೆ. ದಾರಿ ಕಾಣುವಷ್ಟು ಬೆಳಕಾದ ಮೇಲೆ ಸೂರ್ಯ ಹುಟ್ಟಲು ಇಪ್ಪತ್ತೆರಡು ಇಪ್ಪತ್ತಮೂರು ನಿಮಿಷ ಸಾಕು. ಹೆಚ್ಚುಕಡಿಮೆ ಕೆರೆಗೆ ನನ್ನ ಒಂದು ನಿಧಾನ ಸುತ್ತಿನ ಹೊತ್ತು. ಮೈಸೂರಿನಲ್ಲಿ ಸೂರ್ಯೋದಯ ಮೇ ಕೊನೆ, ಜೂನ್ ಮೊದಲಿನ ಹೊತ್ತಿಗೆ ಆರಕ್ಕೆ ಸ್ವಲ್ಪ ಮುಂಚೆ, ಜನವರಿ ಕೊನೆಗೆ ಆರು ಮುಕ್ಕಾಲು ದಾಟಿ. ಐದೂವರೆಗೆ ಎದ್ದು ಹೊರಡುವವರಿಗೆ ಅದೇ ರಸ್ತೆ ಜೂನಿನಲ್ಲಿ ಬೆಳಕು, ಜನವರಿಯಲ್ಲಿ ಕಗ್ಗತ್ತಲು. ಕತ್ತಲಿನ ತಿಂಗಳುಗಳಲ್ಲಿ ತಿಳಿ ಬಣ್ಣದ ಅಂಗಿ ಹಾಕಿ, ಬರುವ ವಾಹನಗಳಿಗೆ ಎದುರಾಗಿ ಓಡಿ.

ಹೊಟ್ಟೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅರ್ಧ, ಮುಕ್ಕಾಲು ಗಂಟೆಯ ಹಗುರ ಓಟಕ್ಕೆ ಆರೋಗ್ಯವಂತರು ತಿಂದು ಹೊರಡಬೇಕಿಲ್ಲ. ರಾತ್ರಿ ಕರಗುವುದು ಯಕೃತ್ತಿನಲ್ಲಿರುವ ಸಕ್ಕರೆ ದಾಸ್ತಾನು. ಕಾಲಿನ ಸ್ನಾಯುಗಳ ದಾಸ್ತಾನು ಬಹುತೇಕ ಹಾಗೇ ಇರುತ್ತದೆ. ಒಂದು ಲೋಟ ನೀರು ಸಾಕು. ಖಾಲಿ ಹೊಟ್ಟೆಯಲ್ಲಿ ಓಡಿದರೆ ಆ ಹೊತ್ತಿಗೆ ಕೊಬ್ಬು ಜಾಸ್ತಿ ಕರಗುತ್ತದೆ, ನಿಜ. ದಿನದ ಒಟ್ಟು ಲೆಕ್ಕದಲ್ಲಿ ಅದರಿಂದ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರು, ಎದೆಯ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ಓಟ ನಿಲ್ಲಿಸುವುದಕ್ಕೂ ಒಂದು ಕ್ರಮ ಇದೆ. ಓಡುವಾಗ ಕಾಲಿನ ಸ್ನಾಯುಗಳು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಗಕ್ಕನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆ ಸುತ್ತಬಹುದು. ಅದಕ್ಕೇ ಕೊನೆಯ ಐದು ನಿಮಿಷ ನಾನು ನಡೆಯುತ್ತೇನೆ. ಬೆವರು ಆರುವಾಗ ಕತ್ತಿನ ಹಿಂಭಾಗಕ್ಕೆ ಗಾಳಿ ತಾಗುತ್ತದೆ. ರಕ್ತದೊತ್ತಡ ನಿಧಾನಕ್ಕೆ ಮೊದಲಿಗಿಂತ ಸ್ವಲ್ಪ ಕೆಳಗೆ ಇಳಿಯುತ್ತದೆ, ಎಷ್ಟೋ ಸಲ ಕೆಲವು ಗಂಟೆ ಹಾಗೇ ಇರುತ್ತದೆ.

ಅಷ್ಟು ಹೊತ್ತಿಗೆ ಬಿಸಿಲು ನೀರಿಗೆ ಬಿದ್ದಿರುತ್ತದೆ. ಹಬೆ ಮೊದಲು ದಡದ ಹತ್ತಿರ ಕರಗುತ್ತದೆ, ಆಮೇಲೆ ನಡುನೀರಿನಲ್ಲಿ. ಹೆಜ್ಜಾರ್ಲೆಗಳ ಮೈ ಪೂರ್ತಿ ಕಾಣುತ್ತದೆ. ರೈಲು ಹೋದರೂ ಈಗ ಅಷ್ಟಾಗಿ ಕೇಳುವುದಿಲ್ಲ, ಹುಣಸೂರು ರಸ್ತೆಯ ಬಸ್ಸುಗಳು ಶುರುವಾಗಿವೆ. ಮನೆ ಹತ್ತಿರದ ತಿರುವಿನಲ್ಲಿ ಅಂಗಳಕ್ಕೆ ಹಾಕಿದ ನೀರು ಇನ್ನೂ ಆರಿಲ್ಲ, ರಂಗೋಲಿಯ ಕೊನೆಯ ಗೆರೆ ಎಳೆಯುತ್ತಿದ್ದಾರೆ. ತುಳಿಯದ ಹಾಗೆ ಪಕ್ಕಕ್ಕೆ ಸರಿದು, ಮೆಟ್ಟಿಲ ಮೇಲೆ ಕೂತು, ಶೂ ಲೇಸು ಬಿಚ್ಚುತ್ತೇನೆ. ಒಳಗೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದಿರುತ್ತದೆ.